ಯಾವ ಎಲೆ ಹಳದಿ, ಮೊದಲು ಅದನ್ನು ಹೇಳು

ಮಗಳೇ,

ನೀನು ಕಳಿಸಿದ ಫೋಟೋದಲ್ಲಿ ಇರುವುದು ಒಂದೇ ಒಂದು ಎಲೆ. ಹಳದಿಯಾಗಿದೆ, ಒಪ್ಪಿದೆ. ಆದರೆ ಅದು ಬುಡದ ಎಲೆಯೋ ತುದಿಯ ಚಿಗುರೋ ಗೊತ್ತಾಗಲಿಲ್ಲ. ಕರಿಬೇವಿನ ಸಸಿಯ ವಿಚಾರದಲ್ಲಿ ಅರ್ಧ ಉತ್ತರ ಇರುವುದೇ ಅಲ್ಲಿ. ಇನ್ನೊಮ್ಮೆ ತೆಗೆದು ಕಳಿಸು: ಕುಂಡದ ಸಮೇತ ಇಡೀ ಗಿಡ, ಎಲೆಯ ಹಿಂಬದಿ, ಕುಂಡದ ಅಡಿಯ ತೂತು. ಅಷ್ಟರಲ್ಲಿ ಇದನ್ನು ಓದಿಕೊಂಡಿರು. ಷಾರ್ಲೆಟ್‌ನಲ್ಲಿರುವ ನಿನ್ನ ಗೆಳತಿಗೂ, ಇಲ್ಲಿ ಡಿ.ಸಿ.ಯಲ್ಲಿರುವ ನಿನ್ನ ತಮ್ಮನಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಮೂವರ ಗಿಡವೂ ಹಳದಿ ಅಂತೀರಿ. ಮೂವರ ಗಿಡದ ಕಾರಣವೂ ಬೇರೆ ಬೇರೆ ಇರಬೇಕು ಅಂತ ನನ್ನ ಅನುಮಾನ.

ನಿನ್ನ ಮೆಸೇಜಿನ ಕೊನೆಯ ಭಾಗ ಓದಿದಾಗ ಮಾತ್ರ ಸ್ವಲ್ಪ ಸಿಟ್ಟೇ ಬಂತು. ಒಂದೇ ವಾರದಲ್ಲಿ ಎಪ್ಸಮ್ ಸಾಲ್ಟು, ನೀಲಿ ಗೊಬ್ಬರದ ಪುಡಿ, ಕಾಫಿ ಚರಟ, ಮೊಟ್ಟೆ ಸಿಪ್ಪೆ, ಸಾಲದ್ದಕ್ಕೆ ಹುಳಿ ಮಜ್ಜಿಗೆ! ನಾಳೆ ಗಿಡ ಚೇತರಿಸಿಕೊಂಡರೆ ಯಾವುದರಿಂದ ಅಂತ ಹೇಳುತ್ತೀಯ? ಸತ್ತರೆ ಯಾವುದನ್ನು ದೂರುತ್ತೀಯ? ಆ ಐದರಲ್ಲಿ ಒಂದಕ್ಕೊಂದು ವಿರುದ್ಧವಾದವೂ ಇವೆ. ಮಜ್ಜಿಗೆ ಮಣ್ಣನ್ನು ಹುಳಿಯ ಕಡೆ ಎಳೆಯುತ್ತದೆ, ಮೊಟ್ಟೆ ಸಿಪ್ಪೆ ಅಂದರೆ ಸುಣ್ಣ, ಅದು ಕ್ಷಾರದ ಕಡೆ ಎಳೆಯುತ್ತದೆ. ಕಾಫಿ ಚರಟ ಬಹಳ ಹುಳಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಚರಟದಲ್ಲಿ ಹುಳಿ ಅಷ್ಟೇನೂ ಇರುವುದಿಲ್ಲ.

ನಿನ್ನ ಗಾಬರಿ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ಕಡೆಯವರಿಗೆ ‘ಹಳದಿ ಎಲೆ’ ಅಂದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಕೊಪ್ಪ, ಶೃಂಗೇರಿಯಲ್ಲಿ, ಆ ಕಡೆ ಸುಳ್ಯದ ಸಂಪಾಜೆ ಸೀಮೆಯಲ್ಲಿ ಅಡಿಕೆಯ ಹಳದಿ ಎಲೆ ರೋಗ ಎಷ್ಟೋ ತೋಟಗಳನ್ನು ನುಂಗಿತು. ಅದಕ್ಕೆ ಕಾರಣ ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ವಿಜ್ಞಾನಿಗಳು ದಶಕಗಳಿಂದ ಅದರ ಹಿಂದೆ ಬಿದ್ದಿದ್ದಾರೆ. ಹೊಡೆದು ವಾಸಿ ಮಾಡುವ ಔಷಧಿ ಇನ್ನೂ ಇಲ್ಲ, ರೋಗದ ತೋಟದಲ್ಲೂ ತಾಳಿಕೊಂಡು ನಿಂತ ಮರಗಳಿಂದ ಹೊಸ ಸಸಿ ಎಬ್ಬಿಸುವ ಪ್ರಯತ್ನ ನಡೆದಿದೆ. ಆ ಹಳದಿಯನ್ನು ನೋಡಿಕೊಂಡು ಬೆಳೆದ ನಿನ್ನ ಅಪ್ಪ ಫೋನಿನಲ್ಲಿ ಹೆದರಿಸಿರಬೇಕು. ಅಟ್ಲಾಂಟಾ ಹತ್ತಿರದ ಆಲ್ಫರೆಟ್ಟಾದಲ್ಲಿ ನೀನು ಕಿಟಕಿ ಪಕ್ಕ ಇಟ್ಟ ಕರಿಬೇವಿಗೂ ಅದಕ್ಕೂ ಸಂಬಂಧವಿಲ್ಲ. ಕುಂಡದ ಕರಿಬೇವು ಹಳದಿಯಾದರೆ ನಾನು ಮೊದಲು ಅನುಮಾನಪಡುವುದು ನೀರನ್ನು, ಎರಡನೆಯದಾಗಿ ಚಳಿಯನ್ನು. ರೋಗದ ಸರದಿ ಬಹಳ ಆಮೇಲೆ.

ಈಗ ಮಾರ್ಚ್. ನಿನ್ನ ಗಿಡ ನವೆಂಬರಿನಿಂದ ಮನೆಯೊಳಗಿದೆ. ಡಿಸೆಂಬರಿನಲ್ಲೂ ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗಿಂತ ಜಾಸ್ತಿ ಇರುತ್ತದೆ. ಅಟ್ಲಾಂಟಾದಲ್ಲಿ ಹತ್ತು ಗಂಟೆಗೂ ಸ್ವಲ್ಪ ಕಡಿಮೆ, ನಮ್ಮ ವಾಷಿಂಗ್ಟನ್ ಕಡೆ ಒಂಬತ್ತೂವರೆಯ ಒಳಗೇ. ಅದೂ ಕಿಟಕಿ ಗಾಜಿನ ಆಚೆಯ ಬೆಳಕು. ಅಷ್ಟು ಬೆಳಕಿನಲ್ಲಿ ಗಿಡ ಬೆಳೆಯುವುದೂ ಇಲ್ಲ, ಹೆಚ್ಚು ನೀರು ಕುಡಿಯುವುದೂ ಇಲ್ಲ. ನೀನು ಮಾತ್ರ ಜುಲೈನಲ್ಲಿ ಹಾಕುತ್ತಿದ್ದಷ್ಟೇ ಹಾಕುತ್ತೀಯ.

ಇದರ ಮೇಲೆ ಇನ್ನೊಂದು ಸಂಗತಿ. ಕರಿಬೇವು ಕಿತ್ತಳೆ, ನಿಂಬೆಗಳ ಕುಟುಂಬಕ್ಕೆ ಸೇರಿದ್ದು. ಮಣ್ಣು ಸುಮಾರು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 13 ಸೆಲ್ಸಿಯಸ್‌ಗಿಂತ ತಣ್ಣಗಾದರೆ ಆ ಕುಟುಂಬದ ಬೇರು ಕೆಲಸ ನಿಲ್ಲಿಸಿಬಿಡುತ್ತದೆ. ನಿನ್ನ ಕುಂಡ ಕೂತಿರುವುದು ಟೈಲ್ಸಿನ ತಣ್ಣನೆ ನೆಲದ ಮೇಲೆ. ಮೇಲೆ ದಕ್ಷಿಣದ ಬಿಸಿಲು ಎಲೆಯನ್ನು ಕಾಯಿಸುತ್ತದೆ. ಎಲೆ ನೀರು ಕೇಳುತ್ತದೆ, ಬೇರಿಗೆ ಕೊಡಲು ಆಗುವುದಿಲ್ಲ. ಎಲೆ ಬಾಡುತ್ತದೆ, ಹಳದಿಯಾಗುತ್ತದೆ, ಮುಟ್ಟಿದರೆ ಕಡ್ಡಿ ಸಮೇತ ಉದುರುತ್ತದೆ. ಬಾಡಿದ್ದು ನೋಡಿ ನೀನು ಇನ್ನಷ್ಟು ನೀರು ಸುರಿಯುತ್ತೀಯ. ಮೊದಲೇ ಮರಗಟ್ಟಿದ ಬೇರು ಆಗ ಉಸಿರು ಕಟ್ಟಿ ಕೊಳೆಯುತ್ತದೆ.

ಧಾರವಾಡದಲ್ಲಿ ಆರಿಸಿದ ಕರಿಬೇವಿನ ಎರಡು ತಳಿಗಳಿವೆ, ಡಿಡಬ್ಲ್ಯುಡಿ-1 ಮತ್ತು ಡಿಡಬ್ಲ್ಯುಡಿ-2. ಎಣ್ಣೆ ಅಂಶ ಜಾಸ್ತಿಯಿರುವ, ಘಮ ಹೆಚ್ಚಾದ ಮೊದಲನೆಯದು ಧಾರವಾಡದ ಚಳಿಗೇ ಚಿಗುರುವುದನ್ನು ಕಡಿಮೆ ಮಾಡುತ್ತದೆ, ಎರಡನೆಯದು ಅಷ್ಟಾಗಿ ಲೆಕ್ಕಿಸುವುದಿಲ್ಲ. ಸಂಕ್ರಾಂತಿಯ ಚಳಿಗೆ ಅಲ್ಲೇ ಹಾಗೆ ಮಲಗುವ ಗಿಡ ಇಲ್ಲಿ ಜನವರಿಯಲ್ಲಿ ಒಂದಷ್ಟು ಎಲೆ ಉದುರಿಸಿದರೆ ಅದನ್ನು ಕಾಯಿಲೆ ಅಂತ ಕರೆಯಬೇಡ. ಮಲಗಲು ಬಿಡು. ಮಲಗಿರುವ ಗಿಡಕ್ಕೆ ಗೊಬ್ಬರವನ್ನಂತೂ ಹಾಕಲೇಬೇಡ.

ಹಾಗಾದರೆ ಈಗ ಮಾಡುವುದೇನು? ಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗಿಳಿಸಿ ನೋಡು. ತಣ್ಣಗೆ ಒದ್ದೆಯಿದ್ದರೆ ನೀರಿನ ಚೊಂಬನ್ನು ಆಚೆ ಇಡು. ಕುಂಡವನ್ನು ಒಮ್ಮೆ ಎತ್ತಿ ಭಾರ ಅಂದಾಜು ಮಾಡಿಕೊ. ನೀರು ಹಾಕಿದ ದಿನದ ಭಾರ, ಒಣಗಿದ ದಿನದ ಭಾರ ಕೈಗೆ ಗೊತ್ತಾದರೆ ಮೀಟರು ಬೇಡ. ಕುಂಡದ ಅಡಿಗೆ ಒಂದು ಹಲಗೆಯನ್ನೋ ಹಳೆಯ ಮಣೆಯನ್ನೋ ಇಟ್ಟು ನೆಲದಿಂದ ಎತ್ತರಿಸು. ತಟ್ಟೆಯಲ್ಲಿ ನಿಂತ ನೀರು ಚೆಲ್ಲು. ಇಷ್ಟಾದ ಮೇಲೂ ಬಾಡುತ್ತಲೇ ಇದ್ದರೆ ಗಿಡವನ್ನು ಮಣ್ಣಿನ ಮುದ್ದೆ ಸಮೇತ ಮೆಲ್ಲಗೆ ಹೊರಗೆ ತೆಗೆ. ಬೇರು ಬಿಳಿ ಅಥವಾ ಕೆನೆ ಬಣ್ಣದಲ್ಲಿ ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಕಂದು ಬಣ್ಣಕ್ಕೆ ತಿರುಗಿ, ಹಿಸುಕಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಅದು ಕೊಳೆ. ಕೊಳೆತಷ್ಟನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ ನೆಡು. ಕುಂಡ ದೊಡ್ಡದು ಬೇಡ, ಬೇರಿಗೆ ತಕ್ಕಷ್ಟಿರಲಿ. ಪ್ರೀತಿಯಿಂದ ದೊಡ್ಡ ಕುಂಡ ಕೊಡುವವರೇ ಸಸಿಯನ್ನು ಹೆಚ್ಚಾಗಿ ಕೊಲ್ಲುವುದು, ಬೇರು ಮುಟ್ಟದ ಮಣ್ಣೆಲ್ಲ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮಣ್ಣಿಗೆ ಪೈನ್ ತೊಗಟೆಯ ಚೂರು, ಪರ್ಲೈಟ್ ಧಾರಾಳವಾಗಿ ಬೆರೆಸು. ನಿಮ್ಮ ಕಡೆಯ ನರ್ಸರಿಗಳೆಲ್ಲ ನಿಂತಿರುವುದೇ ಪೈನ್ ತೊಗಟೆಯ ಮೇಲೆ. ಅಂಗಳದ ಕೆಂಪು ಜೇಡಿಯನ್ನು ಮಾತ್ರ ಕುಂಡಕ್ಕೆ ತುಂಬಬೇಡ, ಇಟ್ಟಿಗೆಯಾಗುತ್ತದೆ.

ಬೇರು ಚೆನ್ನಾಗಿದೆ, ನೀರೂ ಸರಿಯಿದೆ, ಆದರೂ ಹಳದಿ ಅನ್ನುವಾಗಷ್ಟೇ ಎಲೆಯನ್ನು ಓದಬೇಕು.

ಸಾರಜನಕ ಕಡಿಮೆಯಾದಾಗ ಗಿಡ ಹಳೆಯ ಎಲೆಯಲ್ಲಿರುವುದನ್ನು ಬಿಡಿಸಿ ಚಿಗುರಿಗೆ ಕಳಿಸುತ್ತದೆ, ಬರಗಾಲದಲ್ಲಿ ಮನೆಯ ಹಿರಿಯರು ತಮ್ಮ ತಟ್ಟೆಯದನ್ನು ಮಕ್ಕಳ ತಟ್ಟೆಗೆ ಬಡಿಸಿದ ಹಾಗೆ. ಅದಕ್ಕೇ ಬುಡದ ಎಲೆಗಳು ಮೊದಲು, ಇಡಿಯಾಗಿ, ಒಂದೇ ಸಮನೆ ತಿಳಿಹಳದಿಯಾಗುತ್ತವೆ, ತುದಿ ಹಸಿರಾಗಿಯೇ ಇರುತ್ತದೆ. ಮೆಗ್ನೀಸಿಯಂ ಕೂಡ ಹೀಗೆ ಓಡಾಡುವ ಜಾತಿ. ಅದರ ಕೊರತೆಯೂ ಹಳೆಯ ಎಲೆಯಲ್ಲೇ ಕಾಣಿಸುತ್ತದೆ, ಆದರೆ ನಡುನರದ ಅಕ್ಕಪಕ್ಕ ಹಸಿರು ಉಳಿದು ಅಂಚಿನ ಕಡೆಯಿಂದ ಹಳದಿ ಒಳಗೆ ಬರುತ್ತದೆ. ಕಬ್ಬಿಣ ಹಾಗಲ್ಲ. ಒಂದು ಎಲೆ ಸೇರಿದರೆ ಅಲ್ಲೇ ಕೂರುತ್ತದೆ, ಚಿಗುರು ಎಷ್ಟು ಕೂಗಿದರೂ ಏಳುವುದಿಲ್ಲ. ಆದ್ದರಿಂದ ಕಬ್ಬಿಣ ಕಡಿಮೆಯಾದರೆ ಕೆಳಗಿನ ಎಲೆ ಹಸಿರು, ತುದಿಯ ಹೊಸ ಎಲೆ ಮಾತ್ರ ಬಿಳಿಚಿಕೊಂಡ ಹಳದಿ, ಅದರ ಮೇಲೆ ಹಸಿರು ನರಗಳ ಬಲೆ. ಹೊಸ ಎಲೆ ಸಣ್ಣದಾಗಿ, ಕಿರಿದಾಗಿ, ಗೆಣ್ಣುಗಳು ಒತ್ತೊತ್ತಾಗಿ ಬಂದರೆ ಸತುವಿನ ಕೊರತೆಯೂ ಜೊತೆಗಿದೆ ಅಂದುಕೊ. ಎಲೆಯ ತುದಿ, ಅಂಚು ಸುಟ್ಟು ಕಂದಾಗಿದ್ದರೆ ಅದು ಕೊರತೆಯಲ್ಲ, ಹೆಚ್ಚಾದದ್ದು. ಕುಂಡದ ಬಾಯಿಯಲ್ಲಿ ಬಿಳಿ ಉಪ್ಪಿನ ಕಟ್ಟು ಕಾಣುತ್ತಿದೆಯೇ ನೋಡು. ನಿನ್ನ ಐದು ಔಷಧಿಗಳ ಫಲ ಅದೇ ಇರಬಹುದು. ಸಿಂಕಿನಲ್ಲಿಟ್ಟು, ಕುಂಡದ ಎರಡು ಮೂರು ಪಟ್ಟು ನೀರನ್ನು ನಿಧಾನಕ್ಕೆ ಹಾಯಿಸಿ, ಪೂರ್ತಿ ಬಸಿಯಲು ಬಿಡು.

ಊರು ಬದಲಾದರೆ ಔಷಧಿಯೂ ಬದಲಾಗುತ್ತದೆ, ಅದರ ಕಾರಣ ನಲ್ಲಿಯಲ್ಲಿದೆ. ನಾವು ಕುಡಿಯುವುದು ಪೊಟೊಮ್ಯಾಕ್ ನದಿಯ ನೀರು. ಸುಣ್ಣಕಲ್ಲಿನ ಕಣಿವೆಗಳನ್ನು ಹಾದು ಬರುತ್ತದೆ, ಸಾಕಷ್ಟು ಗಡಸು. ಪೈಪು ಸವೆಯಬಾರದು ಅಂತ ಶುದ್ಧೀಕರಣದವರು ಅದನ್ನು ಕ್ಷಾರದ ಕಡೆಗೇ ಇಟ್ಟಿರುತ್ತಾರೆ. ಕರಿಬೇವಿಗೆ ಹಿಡಿಸುವುದು ತುಸು ಹುಳಿ ಮಣ್ಣು, ಪಿಎಚ್ ಆರರ ಆಸುಪಾಸು. ವರ್ಷಗಟ್ಟಲೆ ಈ ನೀರು ಹಾಕಿದರೆ ಕುಂಡದ ಪಿಎಚ್ ಏಳು ದಾಟುತ್ತದೆ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಇಲ್ಲಿಯವರು ತುದಿ ಬಿಳಿಚಿದೆ ಅಂತ ಹೇಳಿದರೆ ನಾನು ಕೊಡುವುದು ಕೀಲೇಟ್ ಮಾಡಿದ ಕಬ್ಬಿಣ, ಅದರಲ್ಲೂ ಡಬ್ಬಿಯ ಮೇಲೆ ಇಡಿಡಿಎಚ್‌ಎ ಅಂತ ಬರೆದಿರುವುದು. ಊರಲ್ಲಿ ಹಾಕುವ ಅನ್ನಭೇದಿ ಕ್ಷಾರ ಮಣ್ಣಿನಲ್ಲಿ ಬೇಗ ತುಕ್ಕಾಗಿ ಕೂತುಬಿಡುತ್ತದೆ. ನಿನ್ನ ತಮ್ಮನಿಗೆ ಇನ್ನೊಂದು ಮಾತು. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಅನ್ನುವುದು ಡಿ.ಸಿ. ನಗರಕ್ಕೆ ಅನ್ವಯಿಸುವುದಿಲ್ಲ. 2000ದಿಂದ ಅಲ್ಲಿ ಹೆಚ್ಚಿನ ಕಾಲ ಹಾಕುವುದು ಕ್ಲೋರಮೀನ್, ಅದು ಅಷ್ಟು ಸುಲಭಕ್ಕೆ ಹಾರುವುದಿಲ್ಲ. ಗಿಡಕ್ಕೆ ಅದರಿಂದ ದೊಡ್ಡ ತೊಂದರೆಯೂ ಇಲ್ಲ. ಮಳೆನೀರು ಹಿಡಿದಿಟ್ಟುಕೊಂಡರೆ ಎಲ್ಲಕ್ಕಿಂತ ಒಳ್ಳೆಯದು.

ನಿನಗೆ ಬರುವುದು ಚಟ್ಟಾಹೂಚಿ ನದಿಯ ಮೆದು ನೀರು. ಷಾರ್ಲೆಟ್‌ನದೂ ಮೆದುವೇ. ಸುಣ್ಣವೂ ಮೆಗ್ನೀಸಿಯಮ್ಮೂ ಅದರಲ್ಲಿ ಕಡಿಮೆ. ಅಲ್ಲಿ ಹಳೆಯ ಎಲೆಯ ಅಂಚು ಹಳದಿಯಾಗುತ್ತಿದ್ದರೆ ಎಪ್ಸಮ್ ಸಾಲ್ಟಿಗೆ ಅರ್ಥವಿದೆ, ಒಂದು ಗ್ಯಾಲನ್ ನೀರಿಗೆ ಒಂದು ಟೀ ಚಮಚ, ತಿಂಗಳಿಗೊಮ್ಮೆ, ಅದೂ ಗಿಡ ಎಚ್ಚರವಾದ ಮೇಲೆ. ನಾನು ಇಲ್ಲಿ ಹಾಕಿ ಗೆದ್ದದ್ದನ್ನು ನೀನು ಅಲ್ಲಿ ಹಾಕಬೇಡ ಅನ್ನುವುದು ಇದಕ್ಕೆ.

ಗೆಳತಿ ನೆಲದಲ್ಲೇ ತರಕಾರಿ ಪಾತಿ ಮಾಡಿದ್ದಾಳೆ ಅಂದೆ. ಅವಳಿಗೆ ಒಂದು ಅನುಕೂಲವಿದೆ. ನಾರ್ತ್ ಕ್ಯಾರೊಲಿನಾ ಕೃಷಿ ಇಲಾಖೆ ಏಪ್ರಿಲ್‌ನಿಂದ ನವೆಂಬರ್ ತನಕ ರಾಜ್ಯದವರ ಮಣ್ಣನ್ನು ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತದೆ, ನೂಕುನುಗ್ಗಲಿನ ಚಳಿಗಾಲದಲ್ಲಿ ಮಾತ್ರ ನಾಲ್ಕು ಡಾಲರ್. ಡಬ್ಬಿ ಸಿಗುವುದು ಕೌಂಟಿಯ ಎಕ್ಸ್‌ಟೆನ್ಷನ್ ಆಫೀಸಿನಲ್ಲಿ. ನಮ್ಮ ರೈತ ಸಂಪರ್ಕ ಕೇಂದ್ರದ ಕೆಲಸವನ್ನು ಇಲ್ಲಿ 1914ರ ಸ್ಮಿತ್-ಲೀವರ್ ಕಾಯ್ದೆಯ ಕಾಲದಿಂದ ಆ ಆಫೀಸುಗಳು ಮಾಡುತ್ತಿವೆ. ನಮ್ಮ ಹುಡುಗರು ಮನೆ ಕೊಂಡು ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತಾರೆ, ಅಲ್ಲಿಗೆ ಮಾತ್ರ ಕಾಲಿಡುವುದಿಲ್ಲ. ಆಫೀಸಿನವರು ಕರಿಬೇವು ಗೊತ್ತಿಲ್ಲ ಅಂದರೆ ‘ಸಿಟ್ರಸ್‌ನ ನೆಂಟ’ ಅಂತ ಹೇಳು, ಅವರಿಗೆ ದಾರಿ ಸಿಗುತ್ತದೆ.

ಮಜ್ಜಿಗೆಯ ಬಗ್ಗೆ ನಿನ್ನ ದೊಡ್ಡಮ್ಮನಿಗೂ ನನಗೂ ವರ್ಷಗಳಿಂದ ತಕರಾರಿದೆ. ಅವಳು ಹಾಕೇ ಹಾಕುತ್ತಾಳೆ. ನನ್ನ ತೀರ್ಪು ಇಷ್ಟು: ಬೇಸಿಗೆಯಲ್ಲಿ, ಗಿಡ ಹೊರಗಿರುವಾಗ, ಚೆನ್ನಾಗಿ ನೀರು ಬೆರೆಸಿದ ಹುಳಿ ಮಜ್ಜಿಗೆ ತಿಂಗಳಿಗೊಮ್ಮೆ ಹಾಕಿದರೆ ಕೆಡುಕಿಲ್ಲ, ತುಸು ಹುಳಿ, ತುಸು ಸಾರ ಸಿಗುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ಹಾಕಿದರೆ ವಾಸನೆ, ಬೂಸ್ಟು, ಮಣ್ಣಿನ ನೊಣ. ಉಪ್ಪು ಹಾಕಿದ ಮಜ್ಜಿಗೆ, ಒಗ್ಗರಣೆ ಮಜ್ಜಿಗೆ ಯಾವ ಕಾಲದಲ್ಲೂ ಬೇಡ. ಅಕ್ಕಿ ತೊಳೆದ ನೀರಿಗೂ ಇದೇ ಮಾತು.

ಯಾವುದನ್ನು ಹಾಕಿದರೂ ಒಂದನ್ನೇ ಹಾಕು, ಆಮೇಲೆ ಮೂರು ನಾಲ್ಕು ವಾರ ಕೈಕಟ್ಟಿ ಕೂರು. ಹಳದಿಯಾದ ಹಳೆಯ ಎಲೆ ಮತ್ತೆ ಹಸಿರಾಗಲಿ ಅಂತ ಕಾಯಬೇಡ, ಬಹಳ ಸಲ ಅದು ಆಗುವುದೇ ಇಲ್ಲ. ನೋಡಬೇಕಾದ್ದು ಹೊಸದಾಗಿ ಬಂದ ಎಲೆಯ ಬಣ್ಣ. ಅದು ಹಸಿರಾಗಿ ಬಂದರೆ ನಿನ್ನ ಔಷಧಿ ಸರಿ.

ಇನ್ನು ಹೊರಗಿಡುವ ಅವಸರ. ಅಟ್ಲಾಂಟಾದಲ್ಲಿ ಮಾರ್ಚ್ ಬಿಸಿಲು ನಂಬುವಂಥದ್ದಲ್ಲ. ರಾತ್ರಿ 50 ಡಿಗ್ರಿಗಿಂತ ಕೆಳಗೆ ಇಳಿಯುವುದು ನಿಲ್ಲುವ ತನಕ ತಡೆ. ನಮ್ಮ ಕಡೆ ಮೇ ಎರಡನೇ ಭಾನುವಾರದ ಮದರ್ಸ್ ಡೇ ಅನ್ನೇ ಗಡುವು ಮಾಡಿಕೊಂಡಿದ್ದಾರೆ, ನಿನಗೆ ಅದಕ್ಕೂ ಮೊದಲೇ ಆಗುತ್ತದೆ. ಮೊದಲ ವಾರ ನೆರಳು, ಆಮೇಲೆ ಬೆಳಗಿನ ಎಳೆಬಿಸಿಲು, ಆಮೇಲೆ ಪೂರ್ತಿ. ನೇರ ಬಿಸಿಲಿಗೆ ಎತ್ತಿಟ್ಟರೆ ಎಲೆಯ ಮೇಲೆ ಬಿಳಿ ಬಿಳಿ ಪಟ್ಟೆ ಬರುತ್ತದೆ, ಆಗ ನೀನು ಮತ್ತೆ ರೋಗ ಅಂತ ಫೋಟೋ ಕಳಿಸುತ್ತೀಯ. ನೆಲದಲ್ಲೇ ನೆಡುತ್ತೇನೆ ಅನ್ನುವ ಆಸೆಯೂ ಬೇಡ. ‘ಜಾರ್ಜಿಯಾ ಬೆಚ್ಚಗಿದೆ’ ಅಂತ ನೆಟ್ಟವರಿಗೆ 2022ರ ಕ್ರಿಸ್‌ಮಸ್ ನೆನಪಿರಬೇಕು, ಅಟ್ಲಾಂಟಾದಲ್ಲಿ ಒಂದಂಕಿ ಫ್ಯಾರನ್‌ಹೀಟಿಗೆ ಇಳಿದಿತ್ತು.

ನಿನ್ನ ತಮ್ಮನ ವಿಷಯಕ್ಕೆ ಬರುತ್ತೇನೆ. ಅವನು ಕರಿಬೇವಿನ ನೆಪದಲ್ಲಿ ನನ್ನನ್ನು ಕೇಳಿದ್ದು ಬೇರೆ ಗಿಡದ ಹಳದಿ ಎಲೆಯ ಬಗ್ಗೆ. ರೂಮ್‌ಮೇಟ್‌ನದು ಅಂದ. ರೂಮ್‌ಮೇಟ್‌ನದೇ ಇರಲಿ. ಫೋಟೋ ನೋಡಿದ ಕೂಡಲೇ ಗೊತ್ತಾಯಿತು, ಮಲೆನಾಡಿನವನಿಗೆ ಭಂಗಿ ಸೊಪ್ಪು ಗೊತ್ತಾಗದೆ ಇರುತ್ತದೆಯೇ! ಎಲೆಯ ಶಾಸ್ತ್ರ ಆ ಗಿಡಕ್ಕೂ ಇದೇ: ಬುಡ ಹಳದಿಯಾದರೆ ಒಂದು, ತುದಿ ಹಳದಿಯಾದರೆ ಇನ್ನೊಂದು, ಎಲ್ಲಕ್ಕೂ ಮೊದಲು ನೀರು. ಕಾನೂನಿನ ಶಾಸ್ತ್ರ ಮಾತ್ರ ಬೇರೆ. ಡಿ.ಸಿ.ಯಲ್ಲಿ ಜನರೇ ಮತ ಹಾಕಿ ಗೆಲ್ಲಿಸಿದ ಇನಿಷಿಯೇಟಿವ್ 71, 2015ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. 21 ತುಂಬಿದವರು ಮನೆಯೊಳಗೆ ಆರು ಗಿಡ ಬೆಳೆಯಬಹುದು, ಅದರಲ್ಲಿ ಬಲಿತದ್ದು ಮೂರಕ್ಕಿಂತ ಹೆಚ್ಚಿರಬಾರದು. ವರ್ಜೀನಿಯಾದಲ್ಲಿ 2021ರ ಜುಲೈಯಿಂದ ಮನೆಗೆ ನಾಲ್ಕು, ನಮ್ಮ ಮೇರಿಲ್ಯಾಂಡಿನಲ್ಲಿ 2023ರ ಜುಲೈಯಿಂದ ಎರಡು. ನಿನ್ನ ಜಾರ್ಜಿಯಾದಲ್ಲಿ, ಎರಡೂ ಕ್ಯಾರೊಲಿನಾಗಳಲ್ಲಿ ಮನೆಯಲ್ಲಿ ಒಂದು ಸಸಿ ಬೆಳೆದರೂ ಅಪರಾಧ.

ಇದನ್ನೆಲ್ಲ ಅವನು ನನಗಿಂತ ಚೆನ್ನಾಗಿ ಹೇಳುತ್ತಾನೆ. ಅವನು ಹೇಳದೆ ಬಿಡುವುದು ಏನೆಂದರೆ, ಅವನ ವೀಸಾ ಕೊಡುವುದು ಡಿ.ಸಿ. ನಗರಸಭೆಯಲ್ಲ. ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಮನೆಯಲ್ಲಿ ಆ ಗಿಡ ಬೆಳೆಯುವುದು ಇಂದಿಗೂ ನಿಷಿದ್ಧ. 2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆ ಸ್ಪಷ್ಟವಾಗಿಯೇ ಹೇಳಿದೆ, ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಇದು ಪೌರತ್ವದ ಅರ್ಜಿಗೆ ಅಡ್ಡ ಬರಬಹುದು ಅಂತ. ಕೇಸು, ಶಿಕ್ಷೆ ಯಾವುದೂ ಆಗಬೇಕಿಲ್ಲ. ಅಧಿಕಾರಿ ಕೇಳಿದಾಗ ಹೌದು ಅಂತ ಒಪ್ಪಿಕೊಂಡರೂ ಮುಂದೆ ಒಳಗೆ ಬಿಡದಿರಲು ಕಾರಣವಾಗಬಹುದು. ರೂಮ್‌ಮೇಟ್ ಇಲ್ಲೇ ಹುಟ್ಟಿದವನು, ಅವನಿಗೆ ಹೋಗುವುದು ಒಂದು ಗಿಡ. ನಿನ್ನ ತಮ್ಮನಿಗೆ ಹಾಗಲ್ಲ. ಒಂದೋ ಆ ಗಿಡ ಮನೆ ಬಿಡಬೇಕು, ಇಲ್ಲ ಇವನು ಬಿಡಬೇಕು. ನನ್ನ ಮಾತು ಕೇಳದಿದ್ದರೆ ಒಬ್ಬ ಇಮಿಗ್ರೇಷನ್ ವಕೀಲರನ್ನು ಕೇಳಲಿ. ಅಕ್ಕನಾಗಿ ನೀನು ಹೇಳಿದರೆ ಕೇಳುತ್ತಾನೆ.

ಕೊನೆಗೆ ಹುಳುಗಳು. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆ ಬಂದಿದ್ದರೆ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟು. ಕಾಗದದ ಮೇಲೆ ಧೂಳು ನಡೆದಾಡಿದರೆ ಅದು ನುಸಿ, ಹೀಟರಿನ ಒಣಗಾಳಿಗೆ ಹುಟ್ಟಿಕೊಳ್ಳುತ್ತದೆ. ಶವರಿನ ಕೆಳಗಿಟ್ಟು ಎಲೆಯ ಹಿಂಬದಿ ತೊಳೆ. ಎಲೆ ಅಂಟಂಟಾಗಿ, ಮೇಲೆ ಕಾಡಿಗೆ ಬಳಿದಂತಿದ್ದರೆ ಕಾಂಡದ ಮೇಲೆ ಕಂದು ಹುರುಪೆಯಂಥ ಶಲ್ಕ ಕೀಟ ಹುಡುಕು, ಉಗುರಿನಿಂದ ಕೆರೆದು ಸೋಪಿನ ನೀರಿನಲ್ಲಿ ಒರೆಸು.

ಆದರೆ ಎಳೆ ಚಿಗುರಿನಲ್ಲಿ, ಹಿಂಭಾಗ ಮೇಲೆತ್ತಿ ಓರೆಯಾಗಿ ಕೂತ ಎಳ್ಳಿನಷ್ಟು ಸಣ್ಣ ಕೀಟ, ಚಿಗುರಿನ ಮೇಲೆ ಬಿಳಿ ಮೇಣದ ಎಳೆ ಕಂಡರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಏಷ್ಯನ್ ಸಿಟ್ರಸ್ ಸಿಲ್ಲಿಡ್ ಅನ್ನುತ್ತಾರೆ. ಕರಿಬೇವಿನ ಚಿಗುರೆಂದರೆ ಅದಕ್ಕೆ ಹಬ್ಬ. ಕಿತ್ತಳೆ ಜಾತಿಗೆ ಗ್ರೀನಿಂಗ್ ರೋಗ ಒಯ್ಯುವುದು ಅದೇ. ಕೊಡಗಿನ ಕಿತ್ತಳೆ ತೋಟಗಳು ಬರಿದಾಗಲು ಕಾರಣವಾದ ರೋಗಗಳಲ್ಲಿ ಗ್ರೀನಿಂಗೂ ಒಂದು. ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡು ಅಲ್ಲಿನ ಕಿತ್ತಳೆ ಉದ್ಯಮವನ್ನೇ ನೆಲಕಚ್ಚಿಸಿತು. ಅದಕ್ಕೇ ಈ ಕೀಟದ ಕ್ವಾರಂಟೈನ್‌ನಲ್ಲಿ ನಿನ್ನ ಜಾರ್ಜಿಯಾವೂ ಇದೆ, ಸೌತ್ ಕ್ಯಾರೊಲಿನಾದ ಕರಾವಳಿ ಭಾಗವೂ ಇದೆ, ಕರಿಬೇವಿನ ಗಿಡ ಮಾತ್ರವಲ್ಲ, ಎಲೆಯೂ ಆ ನಿರ್ಬಂಧಕ್ಕೆ ಸೇರುತ್ತದೆ. ಅಮ್ಮ ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಸೀರೆ ಮಡಿಕೆಯೊಳಗೆ ಹಸಿ ಕರಿಬೇವು ಇಟ್ಟುಕೊಂಡು ಬರುತ್ತೇನೆ ಅಂದರೆ ಬೇಡ ಅನ್ನು. ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ ಅನ್ನುವುದಕ್ಕಿಂತ, ಹಿಡಿಯದೆ ಬಿಟ್ಟರೆ ಆಗುವುದು ದೊಡ್ಡ ನಷ್ಟ.

ನೀನು ಬುಡದಲ್ಲಿ ಎದ್ದ ಮರಿಸಸಿಯನ್ನು ಕಿತ್ತು, ಮುಂದಿನ ವಾರ ಕಾರಿನಲ್ಲಿ ಷಾರ್ಲೆಟ್‌ಗೆ ಒಯ್ದು ಗೆಳತಿಗೆ ಕೊಡುತ್ತೇನೆ ಅಂದೆಯಲ್ಲ, ಇದೇ ಕ್ವಾರಂಟೈನ್ ಕಾರಣಕ್ಕೆ ಅದನ್ನೂ ಬಿಡು. ಅವಳು ಅಲ್ಲೇ, ಪರವಾನಗಿ ಇರುವ ನರ್ಸರಿಯಲ್ಲಿ ಕೊಂಡುಕೊಳ್ಳಲಿ. ನಿನ್ನ ಮರಿಗೆ ಆಲ್ಫರೆಟ್ಟಾದಲ್ಲೇ ಮನೆ ಸಿಗುತ್ತದೆ. ನೃಪತುಂಗ ಕನ್ನಡ ಕೂಟದ ಯುಗಾದಿಗೆ ಹೋದಾಗ ಒಂದು ಮಾತು ಹೇಳಿ ನೋಡು, ಕೇಳುವವರಿಗೆ ಬರವಿಲ್ಲ. ಮರಿಯನ್ನು ಈಗಲೇ ಕೀಳಬೇಡ, ತಾಯಿಗಿಡ ಚಿಗುರಿದ ಮೇಲೆ, ಅದರದೇ ಸ್ವಂತ ಬೇರು ಇದೆಯೇ ಅಂತ ಮಣ್ಣು ಸರಿಸಿ ನೋಡಿಕೊಂಡು ಕೀಳು. ಕೊಡುವ ಮುಂಚೆ ಎಲೆಯ ಹಿಂಬದಿ ನೋಡಿಯೇ ಕೊಡು.

ನಿನ್ನ ದೊಡ್ಡಪ್ಪ